ಬಾಯಮ್ಮ ತೊಟ್ಟ ಸಾವಿನ ಒಡವೆ

ಗಲ್ಫಿಗೆ ಬಂದ ನಮ್ಮೂರ ಹೆಂಗಸರೆಲ್ಲ ಚಿನ್ನ ಕೊಂಡರು. ಬಾಯಮ್ಮ ಸತ್ತವರ ಕೂದಲು ಕೊಂಡರು.

ಇದನ್ನು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಸ್ವಲ್ಪ ದೂರ ಸರಿದು ಕೂರುತ್ತಾರೆ. ನಾನೂ ಸರಿಯಬೇಕೆಂದಿದ್ದೆ. ಆದರೆ ವಿಷಯ ಗೊತ್ತಾದ ಹೊತ್ತಿಗೆ ನಾನು ಅವರ ಕಾರಿನಲ್ಲಿ, ಅವರ ಪಕ್ಕದ ಸೀಟಿನಲ್ಲಿ, ಬೆಲ್ಟು ಬಿಗಿದುಕೊಂಡು ಕುಳಿತಿದ್ದೆ.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಒಂದು ವಿಲ್ಲಾವನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಕೆಳಗಿನ ತುಂಡಿನಲ್ಲಿ ನಾನು, ನನ್ನ ಗಂಡ, ಮಗಳು. ಹೊರಗಿನ ಮೆಟ್ಟಿಲು ಹತ್ತಿದರೆ ಸಿಗುವ ಒಂಟಿ ಕೋಣೆಯಲ್ಲಿ ಬಾಯಮ್ಮ. ಹಮ್ದಾನ್ ಸ್ಟ್ರೀಟಿನ ಒಂದು ಹಳೆಯ ಹೋಟೆಲಿನಲ್ಲಿ ಅವರು ಹೌಸ್‌ಕೀಪಿಂಗಿನ ಮುಖ್ಯಸ್ಥೆ. ನನ್ನ ಆಫೀಸು ಅದೇ ರಸ್ತೆಯಲ್ಲಿ. ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಫೇಲಾಗುತ್ತಲೇ ಇದ್ದುದರಿಂದ ದಿನವೂ ಅವರ ಹಳೆಯ ಬಿಳಿ ಕಾರಿನಲ್ಲೇ ಹೋಗಿಬರುತ್ತಿದ್ದೆ. ಕರಾವಳಿಯ ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು ರೂಢಿ. ಅವರಿಗೆ ಇದ್ದ ಚೆಂದದ ಹೆಸರನ್ನು ನಾನು ಒಮ್ಮೆಯೂ ಬಳಸಲಿಲ್ಲ. ಈಗ ಬಳಸಿದರೆ ಬೇರೆ ಯಾರದೋ ಬಗ್ಗೆ ಬರೆದಂತಾದೀತು.

ಬೂದು ಬಣ್ಣದ ಯೂನಿಫಾರ್ಮ್ ಕೋಟಿನ ಎಡಗಡೆ ಅವರು ಒಂದು ಬ್ರೋಚ್ ಚುಚ್ಚಿಕೊಳ್ಳುತ್ತಿದ್ದರು. ಕಪ್ಪು ಅಂಚು, ನಡುವೆ ಗಾಜು, ಗಾಜಿನಡಿ ಕಂದು ಬಣ್ಣದ ಸಣ್ಣ ಹೆಣಿಗೆ.

"ಚೆಂದ ಉಂಟು ಬಾಯಮ್ಮ. ಎಂತದು, ಚಾಪೆ ಹೆಣೆದ ಹಾಗೆ?" ಎಂದು ಕೇಳಿದೆ.

"ಕೂದಲು."

"ಯಾರದ್ದು?"

"ಒಬ್ಬಳದ್ದು. ಸತ್ತು ನೂರೈವತ್ತು ವರ್ಷ ಆಗಿರ್ಬಹುದು. ಎಸಿ ಜಾಸ್ತಿ ಆಯ್ತಾ ಮಾರಾಯ್ತಿ, ಯಾಕೆ ಮುದುಡಿಕೊಳ್ತಿ?"

ಹಿಂದೆ ಇಂಗ್ಲೆಂಡಿನಲ್ಲಿ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಕೂದಲನ್ನು ಕತ್ತರಿಸಿ, ಹೆಣೆಸಿ, ಗಾಜಿನಡಿ ಕೂರಿಸಿ ಒಡವೆ ಮಾಡಿಕೊಳ್ಳುತ್ತಿದ್ದರಂತೆ. ಒಡವೆಯ ಹಿಂಬದಿಯಲ್ಲಿ ಸತ್ತವರ ಹೆಸರಿನ ಮೊದಲಕ್ಷರಗಳನ್ನು ಕೆತ್ತಿಸುತ್ತಿದ್ದರಂತೆ. ಇದೆಲ್ಲ ಬಾಯಮ್ಮನಿಗೆ ತಿಳಿದದ್ದು ಒಬ್ಬ ಇಂಗ್ಲಿಷ್ ಮುದುಕಿಯಿಂದ. ಆಕೆಯ ಗಂಡ ಎಣ್ಣೆ ಕಂಪನಿಯಲ್ಲಿದ್ದ. ಅವನು ಸತ್ತ ಮೇಲೆ ಆಕೆ ಊರಿಗೆ ಹೊರಟು ಮನೆಯ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದರು. ಬಾಯಮ್ಮ ಹೋದದ್ದು ಪರದೆ ಬಟ್ಟೆ ಸಿಗುತ್ತದೋ ನೋಡಲು. ಹಳೆಯ ಟೋಸ್ಟರಿನ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಈ ಬ್ರೋಚ್ ಬಿದ್ದಿತ್ತು. ಮುತ್ತಜ್ಜಿಯ ತಂಗಿಯ ಕೂದಲು, ಮಕ್ಕಳಿಗೆ ಇದನ್ನು ಕಂಡರೆ ಮೈ ಜುಮ್ಮೆನ್ನುತ್ತದೆ, ಬೇಡವಂತೆ ಎಂದರಂತೆ ಆ ಮುದುಕಿ.

"ನಾನು ಹೇಳಿದೆ, ಮೇಡಂ, ನಿಮ್ಮ ಮನೆಯ ಸತ್ತವರನ್ನು ನೀವೇ ಸೇಲಿಗೆ ಇಡುದಾ ಅಂತ. ಪಾಪ, ಅವಳಿಗೆ ನಾಚಿಕೆ ಆಯ್ತು. ಸುಮ್ಮನೆ ಕೊಟ್ಟಳು. ಪರದೆಗೆ ಮಾತ್ರ ಒಂದು ಪೈಸೆ ಬಿಡ್ಲಿಲ್ಲ."

ಆಮೇಲೆ ಅದೇ ಚಟವಾಯಿತು. ಊರು ಬಿಟ್ಟು ಹೋಗುವವರ ಮನೆಗಳಲ್ಲಿ, ದುಬೈಯ ಪಾರ್ಕುಗಳಲ್ಲಿ ನಡೆಯುವ ಹಳೆ ಸಾಮಾನಿನ ಸಂತೆಯಲ್ಲಿ ಅವರು ಇದನ್ನೇ ಹುಡುಕುತ್ತಿದ್ದರು. ಹರಳು, ಮುತ್ತು ತೋರಿಸಿದರೆ ಕೈಯಾಡಿಸಿ ಬದಿಗೆ ಸರಿಸುವರು. ಸತ್ತವರು ಇದ್ದಾರಾ ಎಂದು ಕೇಳುವರು. ಸಿಕ್ಕವರನ್ನೆಲ್ಲ ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬದಲ್ಲಿ ಹತ್ತಿಯ ಮೇಲೆ ಮಲಗಿಸಿದ್ದರು. ಎಲ್ಲರ ಮನೆಯಲ್ಲೂ ಆ ಡಬ್ಬದಲ್ಲಿ ಸೂಜಿದಾರ ಇರುತ್ತದೆ. ಒಮ್ಮೆ ನನ್ನ ಮಗಳು ಅಂಗಿಯ ಗುಂಡಿ ಹೊಲಿಯಲು ಹೋಗಿ ಅದನ್ನು ತೆರೆದು, ಮುಚ್ಚಿ, ಕೆಳಗೆ ಓಡಿ ಬಂದು, "ಅಮ್ಮಾ, ಇಟ್ಸ್ ಸೋ ಕ್ರೀಪಿ" ಎಂದಳು. ಮತ್ತೆ ಒಂದು ವಾರ ಮೇಲೆ ಹತ್ತಲಿಲ್ಲ.

ಬ್ರೋಚುಗಳ ಹಿಂದೆ ಬರಿ ಅಕ್ಷರಗಳಿದ್ದವಲ್ಲ, ಅದು ಬಾಯಮ್ಮನಿಗೆ ಸರಿಬೀಳಲಿಲ್ಲ. ಅಕ್ಷರಕ್ಕೆ ಪ್ರಾರ್ಥನೆ ಮಾಡುವುದು ಹೇಗೆ? ಹಾಗಾಗಿ ಅವರೇ ಹೆಸರಿಟ್ಟರು. ಸಿ.ಎಂ. ಎಂದು ಕೆತ್ತಿದ್ದ ಆ ಮೊದಲ ಬ್ರೋಚಿಗೆ ಕಾರ್ಮಿನ್ ಮಿನೇಜಸ್. ಎಲ್.ಪಿ. ಲಿಗೋರಿ ಪಿಂಟೊ ಆದ. ಪಾವ್ಲಿನ್ ಬಾಯಿ, ಸೆರಾಫಿನ್, ನತಾಲಿಯಾ ಹೀಗೆ ಡಬ್ಬದ ತುಂಬ ಇಂಗ್ಲೆಂಡಿನಲ್ಲಿ ಸತ್ತು ಮಂಗಳೂರಿನಲ್ಲಿ ಹುಟ್ಟಿದವರು. ನವೆಂಬರಿನಲ್ಲಿ ಸತ್ತವರ ಹಬ್ಬ ಬಂದಾಗ ಇಗರ್ಜಿಯಲ್ಲಿ ಇವರೆಲ್ಲರ ಆತ್ಮಗಳಿಗಾಗಿ ಪೂಜೆ ಹೇಳಿಸುತ್ತಿದ್ದರು.

"ಇಂಗ್ಲಿಷಿನವರು ಬೇರೆ ಇಗರ್ಜಿಯವರಲ್ವಾ ಬಾಯಮ್ಮ?" ಎಂದು ನಾನು ಕೆಣಕಿದೆ.

"ಬದುಕಿದ್ದಾಗ ಬೇರೆ. ಸತ್ತ ಮೇಲೆ ಎಂತ ಪ್ರೊಟೆಸ್ಟೆಂಟ್?"

ಹೋಟೆಲಿನ ಲೆಬನಾನಿನ ಮ್ಯಾನೇಜರ್ ಒಮ್ಮೆ ಬ್ರೋಚನ್ನು ಬಹಳ ಮೆಚ್ಚಿದ. ತನ್ನ ಹೆಂಡತಿಯ ಹುಟ್ಟಿದ ದಿನಕ್ಕೆ ಇಂಥದ್ದೇ ಬೇಕು, ಯಾವ ಅಂಗಡಿಯದು ಎಂದು ಕೇಳಿದ. ಬಾಯಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೇಕಾದರೆ ಹೆಂಡತಿ ಸತ್ತ ಮೇಲೆ ಮಾಡಿಸಬಹುದೆಂದೂ ಹೇಳಿದರು. ಅಂದಿನಿಂದ ಆತ ಅವರೊಂದಿಗೆ ಫೋನಿನಲ್ಲೇ ಮಾತಾಡುತ್ತಿದ್ದನಂತೆ. ಕೆಲಸ ಬಹಳ ಸಲೀಸಾಯಿತು ಎಂದು ಬಾಯಮ್ಮನಿಗೆ ಸಮಾಧಾನ.

ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಾಗ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಊಟದಲ್ಲಿ ಒಂದು ಎಳೆ ಕೂದಲು ಸಿಕ್ಕಿದರೆ ಎಲೆ ಬಿಟ್ಟು ಏಳುವ ಹೆಂಗಸು ಅವರು. ಬಾಯಮ್ಮನಿಗೆ ಮುಚ್ಚಿಡುವ ಅಭ್ಯಾಸವಿಲ್ಲ. ಮೂರನೆಯ ದಿನವೇ ಡಬ್ಬ ಕೆಳಗೆ ಬಂತು. ಅತ್ತೆ ನೋಡಿದರು, "ಶಿವ ಶಿವಾ" ಎಂದರು, ಎದ್ದು ಹೋಗಿ ತಲೆಗೆ ಸ್ನಾನ ಮಾಡಿ ಬಂದರು. ಬಂದವರು ಮತ್ತೆ ಅಲ್ಲೇ ಕುಳಿತರು. ಸ್ನಾನ ಹೇಗೂ ಆಗಿದೆ, ಇನ್ನು ಪೂರ್ತಿ ನೋಡಿಯೇ ಬಿಡುವ ಎಂಬ ಹಾಗೆ.

"ನಮ್ಮಲ್ಲಿ ಗಂಡ ಹೋದ್ರೆ ಇದ್ದ ಒಡವೆ ತೆಗೀಲಿಕ್ಕೆ ಹೇಳ್ತಾರೆ," ಎಂದರು. "ಇವರು ಹೊಸತು ಮಾಡಿಸುದಾ?"

"ಹೌದಂತೆ," ಎಂದರು ಬಾಯಮ್ಮ. "ಅವರ ರಾಣಿಯೇ ಶುರು ಮಾಡಿದ್ದಂತೆ, ಗಂಡ ಸತ್ತ ಮೇಲೆ."

"ಒಳ್ಳೆ ರಾಣಿ," ಎಂದರು ಅತ್ತೆ.

ಡಬ್ಬದಲ್ಲಿ ಕೂದಲಿಲ್ಲದ ಒಂದೇ ಒಂದು ಒಡವೆಯಿತ್ತು, ಕಪ್ಪು ಮಣಿಗಳ ಸರ. ಅದೂ ಸೂತಕದ್ದೇ, ಯಾವಳೋ ವಿಧವೆ ಹಾಕಿಕೊಂಡದ್ದು. ಅತ್ತೆ ಅದನ್ನು ಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಮಾವ ಹೋದ ದಿನ ಅವರ ಕರಿಮಣಿ ತೆಗೆದಿದ್ದರು. ಆಮೇಲೆ ಅವರ ಕುತ್ತಿಗೆಯಲ್ಲಿ ನಾನು ಏನನ್ನೂ ಕಂಡಿರಲಿಲ್ಲ. ನನ್ನ ಗಂಡ ತೆಳ್ಳಗಿನ ಚಿನ್ನದ ಸರ ತಂದುಕೊಟ್ಟಾಗ, ಊರಿನವರು ಎಂತ ಹೇಳ್ತಾರೆ ಎಂದು ಮೊಮ್ಮಗಳ ಕೊರಳಿಗೆ ಹಾಕಿಬಿಟ್ಟಿದ್ದರು.

"ಇದು ಗಂಡ ಸತ್ತವರೇ ಹಾಕುದಾ?"

"ಗಂಡ ಇದ್ದವರು ಹಾಕುವ ಹಾಗೇ ಇಲ್ಲ," ಎಂದರು ಬಾಯಮ್ಮ, ಸ್ವಲ್ಪವೂ ನಗದೆ.

ಅತ್ತೆ ಯೋಚಿಸಿದರು. ಕಾನೂನು ಸರಿಯಾಗಿಯೇ ಇತ್ತು. ಬಾಯಮ್ಮ ಎದ್ದು ಹಿಂದಿನಿಂದ ಕೊಕ್ಕೆ ಹಾಕಿದರು. ಅತ್ತೆ ಕನ್ನಡಿಯ ಮುಂದೆ ಹೋದರು, ಬಹಳ ಹೊತ್ತು ಈಚೆ ಬರಲಿಲ್ಲ. ಸರ ಅವರೊಂದಿಗೆ ಉಡುಪಿಗೆ ಹೋಯಿತು. ಮದುವೆಮನೆಗಳಲ್ಲಿ ಯಾರಾದರೂ ಹುಬ್ಬೇರಿಸಿದರೆ, "ಇದು ಮುಂಡೆಯರೇ ಹಾಕುವ ಸರ. ವಿಲಾಯತಿಯಲ್ಲಿ ಕಡ್ಡಾಯ," ಎಂದು ಬಾಯಿ ಮುಚ್ಚಿಸುತ್ತಾರಂತೆ.

ಇಷ್ಟೆಲ್ಲ ಸತ್ತವರ ಸೇವೆ ಮಾಡುತ್ತಿದ್ದ ಬಾಯಮ್ಮ ತಮ್ಮ ಗಂಡನ ಸುದ್ದಿ ಎತ್ತುತ್ತಿರಲಿಲ್ಲ. ಎತ್ತಿದರೂ ತಮಾಷೆಗೆ. ಆತ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ಮೇಲ್ವಿಚಾರಕ, ಇರುವುದೂ ಅಲ್ಲೇ ಕಂಪನಿಯ ಕೋಣೆಯಲ್ಲಿ, ಇವರು ಅಬುಧಾಬಿಯಲ್ಲಿ. ಬಸ್ಸು ಹಿಡಿದು ಶುಕ್ರವಾರ ಬರುವುದು, ಊಟ, ಜಗಳ, ವಾಪಸು. "ನನ್ನದು ವಾರಕ್ಕೊಂದು ದಿನದ ಮದುವೆ. ಅದಕ್ಕೇ ಅಷ್ಟು ವರ್ಷ ಬಾಳಿಕೆ ಬಂತು," ಎನ್ನುತ್ತಿದ್ದರು. ನಾವು ಆ ವಿಲ್ಲಾಕ್ಕೆ ಬರುವ ಮೊದಲೇ ಆತ ತೀರಿಕೊಂಡಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಬಾಯಮ್ಮ ಮೆಟ್ಟಿಲ ಮೇಲಿನಿಂದ ನನ್ನನ್ನು ಕರೆದರು. ದನಿ ಎಂದಿನಂತಿರಲಿಲ್ಲ. ಹೋದರೆ, ಒಬ್ಬ ಇಂಗ್ಲಿಷ್ ಹುಡುಗಿ ಕುಳಿತಿದ್ದಳು. ಪರದೆ ಮಾರಿದ ಆ ಮುದುಕಿಯ ಮೊಮ್ಮಗಳು. ದುಬೈಯಲ್ಲಿ ಕೆಲಸಕ್ಕೆ ಸೇರಿದ್ದಳಂತೆ. ಅಜ್ಜಿ ಹೋಟೆಲಿನ ಹೆಸರು ಹೇಳಿದ್ದರಿಂದ ವಿಚಾರಿಸಿಕೊಂಡು ಬಂದಿದ್ದಳು. ಈಗ ಅವರ ಕಡೆ ವಂಶವೃಕ್ಷ ಹುಡುಕುವ ಹುಚ್ಚು. ಮೈ ಜುಮ್ಮೆನ್ನುತ್ತಿದ್ದ ಮಕ್ಕಳಿಗೆಲ್ಲ ಈಗ ಆ ಬ್ರೋಚ್ ಬೇಕಾಗಿತ್ತು. ಹುಡುಗಿ ಒಳ್ಳೆಯವಳೇ. ಬಾಯಮ್ಮ ಮಾಡಿದ್ದ ಬನ್ಸನ್ನು ಹೊಗಳಿ ಹೊಗಳಿ ತಿಂದಳು, ದುಡ್ಡು ಕೊಡುತ್ತೇನೆ ಎಂದಳು.

"ದುಡ್ಡು ಬೇಡ," ಎಂದರು ಬಾಯಮ್ಮ ಇಂಗ್ಲಿಷಿನಲ್ಲಿ. "ಆದ್ರೆ ವರ್ಷಕ್ಕೊಂದು ಸಲ ಅವಳಿಗೆ ಪ್ರಾರ್ಥನೆ ಮಾಡ್ಬೇಕು."

ತಮ್ಮ ಮನೆಯಲ್ಲಿ ದೇವರನ್ನು ಯಾರೂ ಅಷ್ಟಾಗಿ ನಂಬುವುದಿಲ್ಲವೆಂದು ಹುಡುಗಿ ಸಂಕೋಚದಿಂದ ಹೇಳಿದಳು.

"ಹಾಗಾದ್ರೆ ಒಂದು ಕೇಕ್ ಆದರೂ ಕಟ್ ಮಾಡಿ."

ಅದಕ್ಕೆ ಹುಡುಗಿ ಒಪ್ಪಿದಳು. ಬಾಯಮ್ಮ ಗೋಡೆಗೆ ತೂಗುಹಾಕಿದ್ದ ಕೋಟಿನಿಂದ ಬ್ರೋಚ್ ತೆಗೆದು, ಸೀರೆಯಂಚಿನಷ್ಟು ನಯವಾದ ಹೋಟೆಲ್ ನ್ಯಾಪ್ಕಿನ್ನಿನಲ್ಲಿ ಸುತ್ತಿ, ಅವಳ ಕೈಗಿಟ್ಟು ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರು. ಕಾರು ಹೊರಟು ಹೋದ ಮೇಲೆ ತಟ್ಟೆಗಳನ್ನು ತೊಳೆದರು. ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದರು.

ಮರುದಿನ ಅವರು ಬರಿಯ ಕೋಟಿನಲ್ಲಿ ಕಾರು ಹತ್ತಿದರು. ಡಬ್ಬದಲ್ಲಿ ಬೇರೆಯವರು ಇದ್ದರಲ್ಲ, ಅವರಲ್ಲಿ ಒಬ್ಬರನ್ನೂ ಹಾಕಿಕೊಂಡಿರಲಿಲ್ಲ. ದಾರಿಯಲ್ಲಿ ತಿರುಗಬೇಕಾದ ಕಡೆ ತಿರುಗಲಿಲ್ಲ. ನಾನು ಹೇಳಿದ ಮೇಲೆ ಮುಂದಿನ ಪೆಟ್ರೋಲ್ ಪಂಪಿನಲ್ಲಿ ಬದಿಗೆ ನಿಲ್ಲಿಸಿದರು. ಎಂಜಿನ್ ಆಫ್ ಮಾಡಲಿಲ್ಲ.

"ನಮ್ಮವರದ್ದು ಪೂರ್ತಿ ಬೋಳು ತಲೆ," ಎಂದರು ಎದುರಿನ ಗಾಜನ್ನು ನೋಡುತ್ತ. "ಇಡ್ಲಿಕ್ಕೆ ಕೂದಲು ಎಲ್ಲಿಂದ ತರುದು?"

ನನಗೆ ನಗು ಬಂತು. ಅವರು ನಗುತ್ತಿರಲಿಲ್ಲ.

"ಮೀಸೆ ಇತ್ತು. ದೊಡ್ಡ ಮೀಸೆ. ಶವಾಗಾರದಲ್ಲಿ ಮುಖ ತೋರಿಸುವಾಗ ನಾನು ಅದನ್ನೇ ನೋಡಿದ್ದು. ಒಂದು ಬದಿ ಮಡಚಿ ಹೋಗಿತ್ತು, ಸರಿ ಮಾಡಿದೆ. ಒಂದು ಚೂರು ಕತ್ತರಿಸಿಕೊಳ್ಬಹುದಿತ್ತು. ಯಾರೂ ಬೇಡ ಹೇಳ್ತಿರ್ಲಿಲ್ಲ. ಆಗ ನನಗೆ ಈ ವಿದ್ಯೆ ಗೊತ್ತಿರ್ಲಿಲ್ಲ."

ಊರಿಗೆ ಶವದ ಪೆಟ್ಟಿಗೆಯೊಂದಿಗೆ ಹೋಗಿದ್ದರಂತೆ. ಗಂಡನ ವಾಚನ್ನು ಒಬ್ಬ ನಾದಿನಿ, ಉಂಗುರವನ್ನು ಇನ್ನೊಬ್ಬ ನಾದಿನಿ ನೆನಪಿಗೆಂದು ಇಟ್ಟುಕೊಂಡರು. ಇವರಿಗೆ ರಜೆ ಮುಗಿಯಿತು. "ಬರುವಾಗ ನನ್ನ ಹತ್ತಿರ ಅವರ ಡೆತ್ ಸರ್ಟಿಫಿಕೇಟ್ ಇತ್ತು. ಅದನ್ನು ಕೋಟಿಗೆ ಚುಚ್ಚಿಕೊಳ್ಲಿಕ್ಕೆ ಆಗ್ತದಾ? ಕಾರ್ಮಿನ್‌ಗೆ ಪ್ರಾರ್ಥನೆ ಮಾಡುವಾಗ ಅವರನ್ನೂ ಪಕ್ಕದಲ್ಲಿ ಕೂರಿಸ್ತಿದ್ದೆ. ಅವರೊಬ್ಬರಿಗೇ ಅಂತ ಪ್ರಾರ್ಥನೆ ಮಾಡ್ಲಿಕ್ಕೆ ಹೋದ್ರೆ ಜಗಳ ನೆನಪಾಗ್ತದೆ."

ಹಿಂದಿನ ಕಾರಿನವನು ಲೈಟು ಮಿನುಗಿಸಿದ. "ಯಲ್ಲಾ," ಎಂದು ಗೇರು ಹಾಕಿದರು.

ಕೆಲವು ತಿಂಗಳ ನಂತರ ಆ ಹುಡುಗಿ ಹೋಟೆಲಿನ ಲಾಬಿಯಲ್ಲಿ ಮತ್ತೆ ಪ್ರತ್ಯಕ್ಷಳಾದಳು. ಕೆಂಪು ಮುಖ, ಕೈಯಲ್ಲಿ ಅದೇ ನ್ಯಾಪ್ಕಿನ್. ಇಂಗ್ಲೆಂಡಿನಲ್ಲಿ ಹಳೆ ಒಡವೆಗಳ ತಜ್ಞನೊಬ್ಬನಿಗೆ ತೋರಿಸಿದ್ದರಂತೆ. ಅವನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಮನುಷ್ಯರ ಕೂದಲಲ್ಲ, ಕುದುರೆಯದ್ದು ಎಂದನಂತೆ. ಆ ಕಾಲದ ಕೆಲವು ಅಕ್ಕಸಾಲಿಗರು, ಕೊಟ್ಟ ಕೂದಲು ಸಾಲದೆ ಹೋದರೆ ಅಥವಾ ಕಳೆದುಹೋದರೆ, ಕುದುರೆಯ ಬಾಲದಿಂದ ಸರಿಹೊಂದಿಸಿ ಹೆಣೆದು ಕೊಡುತ್ತಿದ್ದರಂತೆ. ಮನೆಯವರಿಗೆ ತಿಳಿಯುತ್ತಿರಲಿಲ್ಲ, ಅವರು ಅದನ್ನೇ ಎದೆಗೊತ್ತಿಕೊಂಡು ಅಳುತ್ತಿದ್ದರು. ಮುತ್ತಜ್ಜಿಯ ತಂಗಿಯಲ್ಲವೆಂದಾದ ಮೇಲೆ ಅವರಿಗೆ ಬ್ರೋಚ್ ಬೇಡವಾಯಿತು.

ಸಂಜೆ ಕಾರಿನಲ್ಲಿ ಬಾಯಮ್ಮ ಇದನ್ನು ಹೇಳಿದಾಗ ನಾನು ಅವರ ಕೋಟನ್ನು ನೋಡಿದೆ. ಕಾರ್ಮಿನ್ ಮಿನೇಜಸ್ ತನ್ನ ಜಾಗದಲ್ಲಿ ಕುಳಿತಿದ್ದಳು.

"ಬಾಯಮ್ಮ, ಅಷ್ಟು ವರ್ಷ ಕುದುರೆಗೆ ಪೂಜೆ ಹೇಳಿಸಿದ್ರಲ್ಲ!"

"ಅದೂ ಸತ್ತದ್ದೇ ಅಲ್ವಾ?" ಎಂದರು. ಸ್ವಲ್ಪ ದೂರ ಹೋದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಸ್ಟಿಯರಿಂಗ್ ಹಿಡಿದೇ ಕಣ್ಣೊರೆಸಿಕೊಂಡರು. "ನಮ್ಮವರು ಇಷ್ಟು ದಿನ ಯಾರ ಪಕ್ಕ ಕೂತಿದ್ರು ಗೊತ್ತಾದ್ರೆ! ಫಾದರಿಗೆ ಹೇಳ್ಬೇಡ ಮಾರಾಯ್ತಿ. ಹೆಸರು ಇಟ್ಟು ಆಗಿದೆ. ಖಲಾಸ್."

ಆ ವರ್ಷದ ನವೆಂಬರಿನಲ್ಲೂ ಪಟ್ಟಿಯಲ್ಲಿ ಕಾರ್ಮಿನ್ ಹೆಸರೇ ಮೊದಲಿತ್ತು. ಅದರ ಪಕ್ಕದಲ್ಲಿ, ಮೊದಲ ಬಾರಿಗೆ, ಗಂಡನ ಹೆಸರನ್ನೂ ಕೊಟ್ಟರಂತೆ.

ಇಲ್ಲಿ ವ್ಯಾಟ್ ತೆರಿಗೆ ಬಂದ ವರ್ಷ ಹೋಟೆಲು ಬೇರೆಯವರ ಕೈಗೆ ಹೋಗಿ, ವಯಸ್ಸಾದವರನ್ನೆಲ್ಲ ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಬಾಯಮ್ಮನ ವೀಸಾ ಮುಗಿಯಿತು. ಮಂಗಳೂರಿನ ಹತ್ತಿರ ತಂಗಿಯ ಮನೆಗೆ ಹೋದರು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಎಕ್ಸ್‌ರೇಯಲ್ಲಿ ಡಬ್ಬ ಕಂಡು ಉತ್ಸಾಹದಿಂದ ಬದಿಗೆ ಕರೆದರಂತೆ. ತೆರೆದು ನೋಡಿದ ಅಧಿಕಾರಿ, "ಇಷ್ಟು ವರ್ಷ ಗಲ್ಫಿನಲ್ಲಿದ್ದು ಇದಾ ತಂದದ್ದು?" ಎಂದು ಮರುಕದಿಂದ ಕೇಳಿ, ತಾನೇ ಮುಚ್ಚಳ ಹಾಕಿಕೊಟ್ಟನಂತೆ. ಇದನ್ನು ಫೋನಿನಲ್ಲಿ ಹೇಳುವಾಗ ಅವರಿಗೆ ಬಹಳ ಖುಷಿ. ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಹೋಗಿ ನೋಡಿ ಬಂದೆ. ತೆಳ್ಳಗಾಗಿದ್ದರು. ಮನೆಯಂಗಿಯ ಮೇಲೂ ಬ್ರೋಚ್ ಇತ್ತು.

ಮರುವರ್ಷ ಒಂದು ಬೆಳಿಗ್ಗೆ ಅವರು ಹೋದ ಸುದ್ದಿ ಬಂತು. ಅದರ ಮಾರನೆಯ ದಿನ ಮಧ್ಯಾಹ್ನ, ನಾನು ಹಮ್ದಾನ್ ಸ್ಟ್ರೀಟಿನ ಬದಿಯಲ್ಲಿ ಕಾರು ನಿಲ್ಲಿಸಿ ಪಾರ್ಕಿಂಗ್ ಜಾಗ ಖಾಲಿಯಾಗಲು ಕಾಯುತ್ತಿದ್ದಾಗ (ಟೆಸ್ಟು ಕೊನೆಗೂ ಪಾಸಾಗಿತ್ತು) ಅವರ ತಂಗಿಯ ಮಗಳು ಫೋನು ಮಾಡಿದಳು. ಹಿಂದೆ ಗದ್ದಲ ಕೇಳಿಸುತ್ತಿತ್ತು.

"ಆಂಟಿ, ದೊಡ್ಡಮ್ಮ ಒಂದು ಡಬ್ಬ ತನ್ನೊಟ್ಟಿಗೆ ಪೆಟ್ಟಿಗೆಯಲ್ಲಿ ಇಡ್ಬೇಕು ಅಂತ ಹೇಳಿದ್ರು. ನಾವು ಒಡವೆ ಅಂದ್ಕೊಂಡಿದ್ದೆವು. ಈಗ ತೆರೆದ್ರೆ ಪೂರ ಕೂದಲು! ಇಲ್ಲಿ ಎಲ್ಲ ಮಾಟದ್ದು ಅಂತ ಹೇಳ್ತಿದ್ದಾರೆ. ಒಬ್ಬರು ಸಮುದ್ರಕ್ಕೆ ಬಿಸಾಡಿ ಬನ್ನಿ ಅಂತ... ತಡೀರಿ, ಫಾದರಿಗೆ ಕೊಡ್ತೇನೆ."

ಫಾದರ್ ವಯಸ್ಸಾದವರೆಂದು ದನಿಯಲ್ಲಿ ತಿಳಿಯುತ್ತಿತ್ತು. "ಅಮ್ಮಾ, ನೀವು ಅವರ ಒಟ್ಟಿಗೆ ಇದ್ದವರಂತೆ. ಇದು ಎಂತ?"

"ಮಾಟ ಅಲ್ಲ ಫಾದರ್. ಸತ್ತವರ ನೆನಪಿನ ಒಡವೆ. ಅವರು ವರ್ಷ ವರ್ಷ ಪೂಜೆ ಹೇಳಿಸ್ತಿದ್ದದ್ದು ಇವರಿಗೇ."

"ಸಂಬಂಧಿಕರಾ?"

"ಹೌದು," ಎಂದೆ.

"ಎಲ್ಲರೂ ಜ್ಞಾನಸ್ನಾನ ಆದವರು ತಾನೇ? ಸಿಮಿತ್ರಿಯಲ್ಲಿ ಹೂಳುವ ವಿಷಯ ನೋಡಿ, ಕೇಳ್ಬೇಕಾಗ್ತದೆ. ಹೆಸರು ಗೊತ್ತುಂಟಾ?"

ಗೊತ್ತಿತ್ತು. ಲಿಗೋರಿ ಪಿಂಟೊ ಎಂದೆ. ಪಾವ್ಲಿನ್ ಬಾಯಿ, ಸೆರಾಫಿನ್, ನತಾಲಿಯಾ ಎಂದೆ. ಅವರು ಒಂದೊಂದನ್ನೂ ಮೆಲ್ಲಗೆ ಪುನರುಚ್ಚರಿಸುತ್ತಿದ್ದರು. ಇನ್ನು ಉಳಿದದ್ದು ಕುದುರೆ.

"ಮತ್ತೆ ಕಾರ್ಮಿನ್ ಮಿನೇಜಸ್."

"ಇವರು ಯಾರು?"

"ಬಹಳ ದುಡಿದ ಜೀವ ಫಾದರ್. ಎಲ್ಲರನ್ನೂ ಬೆನ್ನ ಮೇಲೆ ಹೊತ್ತದ್ದು."

"ಹ್ಞಾಂ," ಎಂದರು ಅವರು, ದನಿ ಮೆತ್ತಗಾಯಿತು. "ಅಂಥವರು ಈಗ ಎಲ್ಲಿ ಸಿಗ್ತಾರೆ. ಇಡುವ, ಒಟ್ಟಿಗೇ ಇಡುವ."

ಫೋನು ಆಫ್ ಮಾಡುವುದನ್ನು ಅಲ್ಲಿ ಯಾರೋ ಮರೆತರು. ತಗಡಿನ ಡಬ್ಬದ ಮುಚ್ಚಳ ಒತ್ತಿದ ಸದ್ದು, ಕುರ್ಚಿಗಳು ಸರಿದ ಸದ್ದು, ಮತ್ತೆ ಕೊಂಕಣಿಯಲ್ಲಿ ಪ್ರಾರ್ಥನೆ. ಫಾದರ್ ಒಂದೊಂದೇ ಹೆಸರು ಹೇಳುತ್ತಿದ್ದರು. ಕಾರ್ಮಿನ್ ಹೆಸರು ಬಂದಾಗ ಮನೆ ತುಂಬಿದ್ದ ಜನರೆಲ್ಲ ಒಟ್ಟಾಗಿ "ಆಮೆನ್" ಎಂದರು.

ಎದುರಿಗೆ ಒಂದು ಜಾಗ ಖಾಲಿಯಾಗಿತ್ತು. ಹಿಂದಿನಿಂದ ಟ್ಯಾಕ್ಸಿಯವನು ಹಾರ್ನ್ ಒತ್ತಿ ಹಿಡಿದಿದ್ದ. ಉಡುಪಿಯ ಹಿಂದೂ ಹೆಂಗಸಾದ ನಾನು ಕಾರಿನೊಳಗೆ ಒಬ್ಬಳೇ ಆಮೆನ್ ಎಂದು ಗಟ್ಟಿಯಾಗಿ ಹೇಳಿ, ಗಾಡಿ ಮುಂದೆ ತೆಗೆದೆ.